ಬುತ್ತಿ ಕಟ್ಟಿಕೊಂಡು ಹೋದ ತಾಯಿ, ಮನೆಯಲ್ಲುಳಿದ ಕೂಸು



ಮಕ್ಕಳ ಬಡತನ ಮತ್ತು ಆರೋಗ್ಯದ ಬಗ್ಗೆ ಎರಡು ದಿನ ಮಾತನಾಡಲು ರಾಯಚೂರಿನಲ್ಲಿ ಕೂಡಿದ್ದೇವೆ. ಅಂಕಿ ಅಂಶಗಳಿಗೆ ಹೋಗುವ ಮುಂಚೆ, ದೇವದುರ್ಗ ತಾಲ್ಲೂಕಿನ ಒಂದೂರಲ್ಲಿ ಹತ್ತಿ ಬಿಡಿಸುವ ಕಾಲದಲ್ಲಿ ಕಂಡದ್ದನ್ನು ಹೇಳುತ್ತೇನೆ.

ಹೊತ್ತು ಏರಿತ್ತು, ಓಣಿ ಖಾಲಿ. ಒಂದು ಮನೆಯ ಕಟ್ಟೆಯ ಮೇಲೆ ಒಂಬತ್ತು ವರ್ಷದ ಹುಡುಗಿ, ತೊಡೆಯ ಮೇಲೆ ವರ್ಷ ದಾಟಿದ ತಮ್ಮ. ಸ್ಟೀಲಿನ ಲೋಟದಲ್ಲಿ ಆರಿದ ಚಹಾ. ಐದು ರೂಪಾಯಿ ಪೊಟ್ಟಣದ ಬಿಸ್ಕೀಟನ್ನು ಅದರಲ್ಲಿ ಅದ್ದಿ ಅದ್ದಿ ತಮ್ಮನ ಬಾಯಿಗೆ ಇಡುತ್ತಿದ್ದಳು. "ಅವ್ವ ಹತ್ತಿ ಬಿಡ್ಸಾಕ ಹೋಗ್ಯಾಳ್ರಿ, ಹೊತ್ತು ಮುಳುಗಿದ ಮ್ಯಾಲ ಬರ್ತಾಳ" ಅಂದಳು. ನನ್ನ ಜೊತೆಗಿದ್ದ ನರ್ಸಮ್ಮ ಕೂಸಿನ ತೋಳಿಗೆ ಅಳತೆಪಟ್ಟಿ ಸುತ್ತಿದರು. ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಆ ಪಟ್ಟಿ ಕೆಂಪು ತೋರಿಸುತ್ತದೆ. ಕೆಂಪೇ ತೋರಿಸಿತು. ಒಳಗೆ ಇಣುಕಿದರೆ ಗೋಡೆಗೆ ಆನಿಸಿಟ್ಟ ಪಡಿತರದ ಅಕ್ಕಿ ಚೀಲ, ಅರ್ಧಕ್ಕಿಂತ ಹೆಚ್ಚೇ ತುಂಬಿತ್ತು.

ಆ ಚೀಲವನ್ನು ನಾನು ಮರೆತಿಲ್ಲ. ಮನೆಯಲ್ಲಿ ಅಕ್ಕಿ ಇತ್ತು. ಅದನ್ನು ಮೆತ್ತಗೆ ಬೇಯಿಸಿ, ಬೇಳೆ ಕಲಸಿ, ಕಿವುಚಿ, ದಿನಕ್ಕೆ ನಾಲ್ಕೈದು ಸಲ ಪುಟ್ಟ ಪುಟ್ಟ ತುತ್ತು ಮಾಡಿ ಉಣಿಸುವ ಕೈ ಇರಲಿಲ್ಲ. ಆ ಕೈ ಮುಂಜಾನೆ ಆರಕ್ಕೇ ಬುತ್ತಿ ಕಟ್ಟಿಕೊಂಡು ಟಂಟಂ ಹತ್ತಿ ಹೋಗಿತ್ತು. ಬಿಡಿಸಿದ ಹತ್ತಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ. ನಡುವೆ ಕೂಸಿಗೆಂದು ಮನೆಗೆ ಬಂದು ಹೋದರೆ ಆ ಹೊತ್ತಿನ ಕೂಲಿ ಹೋಯಿತು. ರಾಯಚೂರು ಜಿಲ್ಲೆಯಲ್ಲಿ ಮಕ್ಕಳ ಬಡತನವೆಂದರೆ ಮೊದಲಿಗೆ ತಾಯಿಯ ಹೊತ್ತಿನ ಬಡತನ. ಈ ಸಂಕಿರಣದ ಮುಂದೆ ನಾನು ಇಡಬೇಕೆಂದಿರುವ ಮಾತು ಇದೊಂದೇ.

ಎರಡು ನದಿಗಳ ನಡುವಿನ ಸೀಮೆ ನಮ್ಮದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಭತ್ತ ಬೆಳೆದು, ಅಕ್ಕಿ ಗಿರಣಿಗಳಿಂದ ಊರೂರಿಗೆ ಲಾರಿ ಕಳಿಸುವ ಜಿಲ್ಲೆ ಇದು. ಇದೇ ಜಿಲ್ಲೆಯಲ್ಲಿ 2009ರ ಏಪ್ರಿಲ್‌ನಿಂದ 2011ರ ಆಗಸ್ಟ್‌ವರೆಗೆ 2,600ಕ್ಕೂ ಹೆಚ್ಚು ಮಕ್ಕಳು ಸತ್ತರೆಂಬ ಸುದ್ದಿ ಬಂದಾಗ ನಾಡು ಬೆಚ್ಚಿತು. ವಿಷಯ ಹೈಕೋರ್ಟಿಗೆ ಹೋಯಿತು, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ನೇತೃತ್ವದ ಸಮಿತಿ 2012ರಲ್ಲಿ ವರದಿ ಕೊಟ್ಟಿತು. ಆಗ ಎದ್ದ ಒಂದು ವಾದ ನೆನಪಿರಬೇಕು: ಇವೆಲ್ಲ ಹಸಿವಿನ ಸಾವುಗಳಲ್ಲ, ಕಾಯಿಲೆಯ ಸಾವುಗಳು ಎಂದು. ಮರಣ ಪತ್ರದಲ್ಲಿ ಹಸಿವು ಎಂದು ಯಾರೂ ಬರೆಯುವುದಿಲ್ಲ. ವಾಂತಿಭೇದಿ, ನ್ಯುಮೋನಿಯಾ, ದಡಾರ ಎಂದು ಬರೆಯುತ್ತಾರೆ. ಆದರೆ ಐದು ವರ್ಷದೊಳಗಿನ ಮಕ್ಕಳ ಸಾವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರ ಹಿಂದೆ ಅಪೌಷ್ಟಿಕತೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ಉಂಡು ಬೆಳೆದ ಮಗು ನಾಲ್ಕು ದಿನದ ಭೇದಿಯಿಂದ ಎದ್ದು ಕೂರುತ್ತದೆ, ಸೊರಗಿದ ಮಗು ಏಳುವುದಿಲ್ಲ.

ನೀರಿನ ಮಾತೂ ಇಲ್ಲಿಯೇ ಬರಬೇಕು. 2022ರ ಬೇಸಿಗೆಯಲ್ಲಿ ಇದೇ ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು. ಮರುವರ್ಷ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಕಲುಷಿತ ನೀರಿನಿಂದ ಹಲವರು ಆಸ್ಪತ್ರೆ ಸೇರಿದರು. ತಿಂಗಳಿಗೊಮ್ಮೆ ಭೇದಿಯಾಗುವ ಕೂಸಿಗೆ ಎಷ್ಟು ಉಣಿಸಿದರೇನು, ಮೈಗೆ ಹತ್ತುವುದಿಲ್ಲ.

2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ದೇವದುರ್ಗವನ್ನು ಸೇರಿಸಿತ್ತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ರಕ್ತಹೀನತೆ ಶೇ. 65.5, ಹಿಂದಿನ ಸಮೀಕ್ಷೆಗಿಂತ ಹೆಚ್ಚು. ಇದು ಇಡೀ ರಾಜ್ಯದ ಸರಾಸರಿ. ನಮ್ಮ ತಾಂಡಾಗಳ, ಕೇರಿಗಳ ಕಥೆ ಆ ಸರಾಸರಿಯೊಳಗೆ ಕಾಣುವುದಿಲ್ಲ.

ಬಾಲ್ಯದ ಕೊರತೆ ಬಾಲ್ಯಕ್ಕೇ ಮುಗಿಯುವುದಿಲ್ಲ ಎಂಬುದಕ್ಕೆ ಬಲವಾದ ಸಾಕ್ಷಿಯೊಂದು ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯವರು 1934ರಿಂದ ಹುಟ್ಟಿದ ಕೂಸುಗಳ ತೂಕ ಬರೆದಿಟ್ಟ ಹಳೆಯ ಪುಸ್ತಕಗಳನ್ನು ಜೋಪಾನ ಮಾಡಿದ್ದರು. ಆ ಕೂಸುಗಳು ನಡುವಯಸ್ಸಿಗೆ ಬಂದ ಮೇಲೆ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎರಡೂವರೆ ಕೆ.ಜಿ.ಯೊಳಗೆ ಹುಟ್ಟಿದವರಲ್ಲಿ ಶೇ. 11ರಷ್ಟು ಮಂದಿಗೆ ಹೃದ್ರೋಗವಿತ್ತು, ಮೂರು ಕೆ.ಜಿ.ಗಿಂತ ಹೆಚ್ಚಿದ್ದವರಲ್ಲಿ ಶೇ. 3. ಬಸುರಿಯ ತಟ್ಟೆ ಬರಿದಾಗಿದ್ದರೆ ಅದರ ಸಾಲ ಐವತ್ತು ವರ್ಷದ ನಂತರ ಮಗನ ಎದೆಯಲ್ಲಿ ತೀರುತ್ತದೆ.

ಈಗ ಕಟ್ಟೆಯ ಮೇಲಿದ್ದ ಆ ಹುಡುಗಿಯನ್ನು ನೋಡಿ. ನಾವು ಕೂಸಿನ ತೋಳು ಅಳೆದೆವು, ಅವಳನ್ನು ಅಳೆಯಲಿಲ್ಲ. ನನ್ನನ್ನು ಇವತ್ತಿಗೂ ಕಾಡುವ ತಪ್ಪು ಅದು. ತಮ್ಮನನ್ನು ಆಡಿಸಲು ಶಾಲೆ ಬಿಟ್ಟವಳು, ಕೈ ಬಲಿತ ಮೇಲೆ ತಾನೂ ಹತ್ತಿ ಸಾಲಿಗೆ, ಮೆಣಸಿನಕಾಯಿ ಹೊಲಕ್ಕೆ ಇಳಿಯುತ್ತಾಳೆ. ಅವ್ವ ಅಪ್ಪ ಗುಳೆ ಹೋಗುವಾಗ ಪ್ರಾಯಕ್ಕೆ ಬಂದವಳನ್ನು ಯಾರ ಹತ್ತಿರ ಬಿಡುವುದು ಎಂದು ಬೇಗ ಮದುವೆ. ರಕ್ತವಿಲ್ಲದ ಮೈಯಲ್ಲಿ ಬಸುರು. ಹುಟ್ಟುವ ಕೂಸು ಮತ್ತೆ ಎರಡೂವರೆ ಕೆ.ಜಿ.ಯೊಳಗೆ.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ಶಾಲೆಯ ಬಿಸಿಯೂಟ 2002ರಲ್ಲಿ ಮೊದಲು ಬಂದದ್ದು ನಮ್ಮ ಭಾಗದ ಜಿಲ್ಲೆಗಳಿಗೇ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಮಕ್ಕಳ ತಟ್ಟೆಗೆ ಮೊಟ್ಟೆ ಬಂತು, ಅದಕ್ಕೆ ಎದ್ದ ವಿರೋಧವನ್ನು ಮಕ್ಕಳೇ ಎದುರಿಸಿದರು. ಆದರೆ ಇದೆಲ್ಲ ತಲುಪುವುದು ಶಾಲೆಗೆ ನಡೆದು ಬರುವ ಮಗುವಿಗೆ. ಮೂರರಿಂದ ಆರು ವರ್ಷದವರಿಗೆ ಅಂಗನವಾಡಿಯಲ್ಲಿ ಊಟವಿದೆ. ಆರು ತಿಂಗಳಿಂದ ಮೂರು ವರ್ಷದವರೆಗಿನ ಕೂಸಿಗೆ ಸಿಗುವುದು ಮನೆಗೆ ಒಯ್ಯುವ ಪೊಟ್ಟಣ. ಮಿದುಳು ಬೆಳೆಯುವುದು ಆ ವಯಸ್ಸಿನಲ್ಲಿ, ಪೊಟ್ಟಣ ಬಿಚ್ಚಿ ಕಲಸಿ ಉಣಿಸುವವರು ಮನೆಯಲ್ಲಿ ಇಲ್ಲದಿರುವುದೂ ಆಗಲೇ. ಬಸುರಿ ಬಾಣಂತಿಯರಿಗೆ ಬಿಸಿ ಊಟ ಬಡಿಸುವ ಮಾತೃಪೂರ್ಣ ಯೋಜನೆಯನ್ನು 2017ರಲ್ಲಿ ಮೊದಲು ಪರೀಕ್ಷಿಸಿದ ತಾಲ್ಲೂಕುಗಳಲ್ಲಿ ಮಾನ್ವಿಯೂ ಒಂದು. ಊಟ ಒಳ್ಳೆಯದೇ. ಮಧ್ಯಾಹ್ನ ಹೊಲ ಬಿಟ್ಟು ಅಂಗನವಾಡಿಗೆ ಹೇಗೆ ಬರಲಿ ಎಂಬ ಪ್ರಶ್ನೆ ಮಾತ್ರ ಉಳಿಯಿತು. ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಹದಿನಾಲ್ಕು ದಿನ ಇರಿ ಎಂದರೂ ಇದೇ ಪ್ರಶ್ನೆ: ಮನೆಯಲ್ಲಿರುವ ಇನ್ನೆರಡು ಮಕ್ಕಳನ್ನು ಯಾರು ನೋಡಬೇಕು? ಉದ್ಯೋಗ ಖಾತರಿ ಕೂಲಿಕಾರರ ಮಕ್ಕಳಿಗೆಂದು ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರಗಳು ತೆರೆದಿವೆ. ಹತ್ತಿ, ಮೆಣಸಿನಕಾಯಿ ಕಾಲದಲ್ಲಿ ಅವು ನಸುಕಿಗೇ ಬಾಗಿಲು ತೆಗೆದು, ಖಾಸಗಿ ಹೊಲಕ್ಕೆ ಹೋಗುವ ತಾಯಿಯ ಕೂಸನ್ನೂ ಸೇರಿಸಿಕೊಂಡು, ಕತ್ತಲಾಗುವವರೆಗೆ ಉಣಿಸಿ ಮಲಗಿಸಿದರೆ, ಆ ಹುಡುಗಿ ಶಾಲೆಗೆ ಹೋಗುತ್ತಾಳೆ.

ಸಂಶೋಧಕ ಮಿತ್ರರಲ್ಲಿ ನನ್ನ ಬೇಡಿಕೆ ಇಷ್ಟು. ತೂಕ, ಎತ್ತರ, ತೋಳಿನ ಸುತ್ತಳತೆಯ ಜೊತೆಗೆ ಇನ್ನೊಂದು ಕಲಂ ಸೇರಿಸಿ: ತಾಯಿ ಮನೆ ಬಿಟ್ಟದ್ದು ಎಷ್ಟು ಗಂಟೆಗೆ, ಬಂದದ್ದು ಎಷ್ಟಕ್ಕೆ, ನಡುವೆ ಕೂಸಿಗೆ ಉಣಿಸಿದವರು ಯಾರು. ಇದರ ಉತ್ತರ ಹಿಂದಿನ ಸಾಲಿನಲ್ಲಿ ಕುಳಿತಿರುವ ಅಂಗನವಾಡಿ ಅಕ್ಕಂದಿರಿಗೆ ಗೊತ್ತು. ಸಂಘಟಕರಲ್ಲಿ ಕೈಮುಗಿದು ಕೇಳುತ್ತೇನೆ, ಮೊದಲ ಗೋಷ್ಠಿಯ ಮೈಕನ್ನು ಅವರ ಕೈಗೆ ಕೊಡಿ. ನಮ್ಮ ಪ್ರಬಂಧಗಳು ಮಧ್ಯಾಹ್ನದವರೆಗೆ ಕಾಯಲಿ.