ಕೇಳುವ ಕಿವಿ: ಮಕ್ಕಳ ಚಿತ್ರಪ್ರದರ್ಶನದ ಉದ್ಘಾಟನಾ ಭಾಷಣ



ಪ್ರೌಢಶಾಲೆಯ ಮತ್ತು ಪಿಯು ತರಗತಿಗಳ ವಿದ್ಯಾರ್ಥಿಗಳು ತಮ್ಮ ಭಯ, ಸಿಟ್ಟು, ಒಂಟಿತನ, ಸಂತೋಷಗಳಿಗೆ ಬಣ್ಣ ಹಚ್ಚಿರುವ ಈ ಪ್ರದರ್ಶನದಲ್ಲಿ ಸ್ಪರ್ಧೆಯೂ ಇಲ್ಲ, ಬಹುಮಾನವೂ ಇಲ್ಲ. ವರ್ಷವಿಡೀ ಅಂಕಗಳ ಲೆಕ್ಕದಲ್ಲೇ ಗುರುತಿಸಿಕೊಳ್ಳಬೇಕಾದ ಮಕ್ಕಳಿಗೆ ಯಾರೂ ಹೆಚ್ಚು ಕಡಿಮೆ ಎಂದು ತೂಗದ ಒಂದು ಜಾಗ ದೊರೆತಿರುವುದು ಸಣ್ಣ ಸಂಗತಿಯಲ್ಲ.

ನೋಡುವವರಿಗೆ ಮಾತ್ರ ಒಂದು ಎಚ್ಚರ ಅಗತ್ಯ. ಕಪ್ಪು ಬಣ್ಣವನ್ನು ಹೆಚ್ಚಾಗಿ ಬಳಸಿದ ಮಗುವಿಗೆ ಖಿನ್ನತೆಯಿದೆ, ಬಾಗಿಲಿಲ್ಲದ ಮನೆ ಬರೆದ ಮಗುವಿಗೆ ಮನೆಯೇ ಬೇಡವಾಗಿದೆ ಎಂದೆಲ್ಲ ತೀರ್ಮಾನಿಸುವುದು ಮಗುವಿಗೆ ಮಾಡುವ ಅನ್ಯಾಯ; ಒಂದು ಚಿತ್ರವನ್ನು ನೋಡಿ ಯಾವ ಕಾಯಿಲೆಯನ್ನೂ ನಿರ್ಣಯಿಸಲಾಗದು. "ಇದರಲ್ಲಿ ಏನಾಗ್ತಿದೆ, ಹೇಳು ಪುಟ್ಟಾ" ಎಂದು ಕೇಳಿ, ಉತ್ತರ ಬರುವವರೆಗೆ ಕಾದು, ಬಂದ ಉತ್ತರವನ್ನು ತಿದ್ದದೆ ಆಲಿಸಿದಾಗಲೇ ಚಿತ್ರದ ಕೆಲಸ ಮೊದಲಾಗುತ್ತದೆ.

ಹೀಗೆ ಕೇಳಲೇಬೇಕಾದುದಕ್ಕೆ ಕಾರಣವಿದೆ. ಮಕ್ಕಳ ಮಾನಸಿಕ ಸಂಕಟ ನೇರವಾಗಿ ಮಾತಿನಲ್ಲಿ ಹೊರಬರುವುದು ಅಪರೂಪ. ಶಾಲೆಗೆ ಹೊರಡುವ ಹೊತ್ತಿಗೆ ಕಾಣಿಸಿಕೊಳ್ಳುವ ಹೊಟ್ಟೆನೋವು, ವೈದ್ಯರ ತಪಾಸಣೆಯಲ್ಲಿ ಕಾರಣ ಸಿಗದ ತಲೆನೋವು, ಕೆಟ್ಟ ನಿದ್ದೆ, ಇದ್ದಕ್ಕಿದ್ದಂತೆ ದೂರವಾದ ಗೆಳೆಯರು, ಇವುಗಳ ಮೂಲಕ ಅದು ತೋರಿಕೊಳ್ಳುತ್ತದೆ. ಮನಸ್ಸಿನ ಒತ್ತಡ ದೇಹದ ನೋವಾಗಿ ಪ್ರಕಟವಾಗುವ ಇಂಥ ತೊಂದರೆಗಳನ್ನು ಮನೋದೈಹಿಕ ಲಕ್ಷಣಗಳೆನ್ನುತ್ತಾರೆ. ಅವು ನಟನೆಯಲ್ಲ, ಮಗುವಿಗಾಗುವ ನೋವು ನಿಜವಾದುದೇ. ಹದಿಹರೆಯದಲ್ಲಂತೂ ಖಿನ್ನತೆ, ಎಂದರೆ ವಾರಗಟ್ಟಲೆ ಬಿಡದೆ ಕಾಡುವ ಬೇಸರ ಮತ್ತು ನಿರಾಸಕ್ತಿ, ಅಳುವಿಗಿಂತ ಸಿಡುಕಾಗಿಯೇ ಕಾಣಿಸಬಹುದಾದ್ದರಿಂದ, ಅಂಥ ಮಗುವಿಗೆ ಹಟಮಾರಿ, ಸೋಮಾರಿ ಎಂಬ ಹೆಸರು ಬೀಳುತ್ತದೆ, ಚಿಕಿತ್ಸೆ ಮಾತ್ರ ಸಿಗುವುದಿಲ್ಲ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆಯಿತ್ತು. 40 ಮಕ್ಕಳ ತರಗತಿಯಲ್ಲಿ ಸುಮಾರು ಮೂವರು ಎಂದು ಲೆಕ್ಕ ಹಾಕಿದರೆ, ಈ ಸಂಗತಿ ಯಾವ ಶಾಲೆಗೂ ದೂರದ್ದಲ್ಲವೆಂಬುದು ತಿಳಿಯುತ್ತದೆ.

ಮಕ್ಕಳ ಒತ್ತಡಕ್ಕೆ ಒಂದು ಕಾರಣವಾದ ಪರೀಕ್ಷೆಯ ಭಯವನ್ನು ತಗ್ಗಿಸಲು ವ್ಯವಸ್ಥೆಯೂ ಬದಲಾಗಬಲ್ಲದು. ಕರ್ನಾಟಕದಲ್ಲಿ 2023–24ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಗೆ ಮೂರು ಪರೀಕ್ಷೆಗಳನ್ನು ನಡೆಸಿ, ಅವುಗಳಲ್ಲಿ ಉತ್ತಮವಾದ ಅಂಕವನ್ನು ಉಳಿಸಿಕೊಳ್ಳುವ ಅವಕಾಶ ಕೊಟ್ಟದ್ದರಿಂದ 'ಪೂರಕ ಪರೀಕ್ಷೆ' ಎಂಬ ಹಣೆಪಟ್ಟಿ ತಪ್ಪಿತು. ಆದರೆ ಫಲಿತಾಂಶದ ದಿನ ನೆಂಟರಿಷ್ಟರು "ಎಷ್ಟು ಬಂತು?" ಎಂದು ಕೇಳುವ ದನಿಯನ್ನು ಯಾವ ಸರ್ಕಾರಿ ಆದೇಶವೂ ಬದಲಿಸಲಾರದು, ಅದು ಮನೆಯವರ ಕೈಯಲ್ಲೇ ಇದೆ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆಯನ್ನೂ ಇಲ್ಲಿ ಮುಚ್ಚಿಡಬಾರದು. "ಸಾಯುವ ಯೋಚನೆ ಬರುತ್ತಿದೆಯೇ?" ಎಂದು ಮಗುವನ್ನು ಕೇಳಿದರೆ ಆ ಯೋಚನೆಯನ್ನು ಬಿತ್ತಿದಂತಾಗುತ್ತದೆ ಎಂಬ ಹಿರಿಯರ ಅಂಜಿಕೆ ಸಹಜವಾದರೂ ಅಧ್ಯಯನಗಳು ಅದನ್ನು ಎತ್ತಿಹಿಡಿದಿಲ್ಲ; ಶಾಂತವಾಗಿ, ಗದರದೆ ಕೇಳಿದ ಆ ಪ್ರಶ್ನೆ ಎಷ್ಟೋ ಮಕ್ಕಳಿಗೆ ಭಾರ ಇಳಿಸುವ ಮೊದಲ ಅವಕಾಶವಾಗುತ್ತದೆ. ಹೌದೆಂಬ ಉತ್ತರ ಬಂದರೆ ಮಗುವನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರ ನೆರವು ಪಡೆಯಬೇಕು. ಆ ನೆರವು ದೂರದಲ್ಲಿಲ್ಲ. ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದ ಮಾದರಿಯಲ್ಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತೆಂಬುದು ಈ ನಾಡು ಹೆಮ್ಮೆಪಡಬೇಕಾದ ವಿಷಯ. ಆ ಕಾರ್ಯಕ್ರಮದ ಸೇವೆ ಜಿಲ್ಲಾ ಆಸ್ಪತ್ರೆಗಳಲ್ಲಿ ದೊರೆಯುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹಿಂಸೆ, ಶೋಷಣೆಗೆ ಸಿಕ್ಕ ಮಕ್ಕಳಿಗೆ 1098 ಸಹಾಯವಾಣಿಯಿದೆ. ಈ ಎರಡೂ ಸಂಖ್ಯೆಗಳನ್ನು ಶಾಲೆಯ ಸೂಚನಾಫಲಕದಲ್ಲಿ ಮಾತ್ರವಲ್ಲದೆ, ಮಕ್ಕಳು ಯಾರ ಕಣ್ಣಿಗೂ ಬೀಳದೆ ಓದಿಕೊಳ್ಳಬಹುದಾದ ಜಾಗಗಳಲ್ಲೂ ಬರೆಸಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ಕೋರುತ್ತೇನೆ.

ಪ್ರತಿ ಚಿತ್ರದ ಬಳಿ ಅದನ್ನು ಬರೆದ ಮಗುವಿಗೂ ಒಂದು ಕುರ್ಚಿ, ನೋಡಲು ಬಂದವರಿಗೂ ಒಂದು ಕುರ್ಚಿ ಹಾಕಲಾಗಿದೆ. ಮಾತನಾಡಲು ಇಷ್ಟವಿಲ್ಲದ ಮಗು ಸುಮ್ಮನೆ ಕುಳಿತಿರಬಹುದು, ಅದಕ್ಕೂ ಇಲ್ಲಿ ಸ್ವಾತಂತ್ರ್ಯವಿದೆ. ಈ ಮಕ್ಕಳೆಲ್ಲರ ಪರವಾಗಿ ಪ್ರದರ್ಶನವನ್ನು ಉದ್ಘಾಟಿಸುತ್ತಿದ್ದೇನೆ.