ಮರಕ್ಕೆ ಶಾಖೋಪಚಾರ
(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೇಲಿಗೆ ಗೂಟ ನೆಡುವ ಮುಂಚೆ ಅದರ ಬುಡವನ್ನು ಬೆಂಕಿಯಲ್ಲಿ ಸುಡುವ ರೂಢಿ ಉಂಟು. ಶಾಖದಿಂದ ಹದಮಾಡಿದ ಮರವೂ ಈಗ ಮಾರಾಟಕ್ಕೆ ಬರುತ್ತದೆ. ಎರಡಕ್ಕೂ ಶಾಖವೇ ಮೂಲವಾದರೂ ಎರಡೂ ಒಂದೇ ಅಲ್ಲ. ಈ ಭೇದ ತಿಳಿಯದಿದ್ದರೆ ಹಣ ನಷ್ಟ; ಒಮ್ಮೊಮ್ಮೆ ಎತ್ತಿಗೂ ಅಪಾಯ.

ಗೂಟ ಸುಟ್ಟಾಗ ಮೇಲಿನ ತೆಳು ಪದರ ಮಾತ್ರ ಇದ್ದಲಾಗುತ್ತದೆ. ಒಳಗಿನ ಮರ ಮೊದಲಿನಂತೆಯೇ ಉಳಿಯುತ್ತದೆ. ಇದ್ದಲು ಬಿರುಕು ಬಿಟ್ಟೊಡನೆ ನೀರೂ ಗೆದ್ದಲೂ ಆ ಬಿರುಕಿನಲ್ಲಿ ಒಳಹೋಗುತ್ತವೆ.

ಶಾಖೋಪಚಾರದ ಕ್ರಮವೇ ಬೇರೆ. ಒಣಗಿದ ಮರವನ್ನು ಮುಚ್ಚಿದ ಕುಲುಮೆಯಲ್ಲಿಟ್ಟು, ಹಬೆ ತುಂಬಿಯೋ ಗಾಳಿ ಹೊರತೆಗೆದೋ, ಉರಿ ಹತ್ತದಂತೆ ಸುಮಾರು 160ರಿಂದ 220 ಡಿಗ್ರಿ ಸೆಂಟಿಗ್ರೇಡಿನವರೆಗೆ ಹಲವು ಗಂಟೆ ಕಾಯಿಸುತ್ತಾರೆ. ನೀರು ಕುದಿಯುವುದು 100 ಡಿಗ್ರಿಯಲ್ಲಿ ಎಂಬುದನ್ನು ನೆನೆದರೆ ಈ ಕಾವು ಎಷ್ಟೆಂದು ತಿಳಿಯುತ್ತದೆ. ಮರದಲ್ಲಿ ನೀರು ಹೀರುವ, ಬೂಷ್ಟಿಗೆ ಆಹಾರವಾಗುವ ಪದಾರ್ಥದ ಬಹುಭಾಗ ಆಗ ಒಡೆದುಹೋಗುತ್ತದೆ. ಮರ ತಿರುಳಿನವರೆಗೆ ಕಂದುಬಣ್ಣಕ್ಕೆ ತಿರುಗುತ್ತದೆ. ಮಳೆಗಾಲದಲ್ಲಿ ಉಬ್ಬುವುದು, ಬೇಸಿಗೆಯಲ್ಲಿ ಕುಗ್ಗುವುದು ಕಡಿಮೆಯಾಗುತ್ತದೆ, ಕೊಳೆಯುವುದೂ ನಿಧಾನವಾಗುತ್ತದೆ. ಬೇಗ ಬೆಳೆದ, ಚೇಗು ಕಡಿಮೆಯಿರುವ ಮರಗಳಿಗೆ ಇದರಿಂದ ಹೆಚ್ಚು ಪ್ರಯೋಜನ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಈ ಬಗ್ಗೆ ಸಂಶೋಧನೆ ನಡೆದಿದೆ.

ಆದರೆ ಮೂರು ಮಾತನ್ನು ಮರೆಯಬಾರದು.

ಮೊದಲನೆಯದು, ಕಾಯಿಸಿದ ಮರದ ಬಲ ಕುಂದುತ್ತದೆ, ಅದು ಪೆಡಸಾಗುತ್ತದೆ. ಬಾಗಿಲು, ಕಿಟಕಿ, ಗೋಡೆಯ ಹಲಗೆಗೆ ಅದು ಒಳ್ಳೆಯದು. ನೊಗ, ಗಾಡಿಯ ಅಚ್ಚು, ತೊಲೆಗಳಿಗೆ ಸಲ್ಲದು. ಮೊಳೆ ಹೊಡೆಯುವ ಮುಂಚೆ ಬೈರಿಗೆಯಿಂದ ತೂತು ಕೊರೆಯಬೇಕು, ಇಲ್ಲವಾದರೆ ಸೀಳುತ್ತದೆ.

ಎರಡನೆಯದು, ಗೆದ್ದಲಿಗೆ ಇದು ಔಷಧವಲ್ಲ. ಆದ್ದರಿಂದ ನೆಲದಲ್ಲಿ ಹೂಳಬೇಡಿ. ಬೇಲಿಗೆ ಕಲ್ಲುಕಂಬ ಮೇಲು. ಮರವೇ ಆಗಬೇಕಾದರೆ ಹೊನ್ನೆ, ತೇಗದಂಥ ಮರದ ಚೇಗನ್ನೇ ಆರಿಸಿ, ಹೊರಗಿನ ಬಿಳಿ ಭಾಗವನ್ನು ಕೆತ್ತಿ ತೆಗೆಯಿರಿ.

ಮೂರನೆಯದು, ಸರಕಿನ ಪೆಟ್ಟಿಗೆಯ ಮರದ ಮೇಲೆ 'ಎಚ್.ಟಿ.' ಎಂಬ ಮುದ್ರೆ ಇರುವುದುಂಟು. ಅದರ ಅರ್ಥ, ಒಳಗಿನ ಹುಳು ಸಾಯುವಂತೆ ಮರವನ್ನು ತಿರುಳಿನವರೆಗೆ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದೆ ಎಂದಷ್ಟೆ. ಅಷ್ಟರಿಂದ ಮರದ ಬಾಳಿಕೆ ಹೆಚ್ಚುವುದಿಲ್ಲ.

ಈ ಕೆಲಸವನ್ನು ಮನೆಯ ಒಲೆಯಲ್ಲಾಗಲಿ ಇಟ್ಟಿಗೆ ಗೂಡಿನಲ್ಲಾಗಲಿ ಮಾಡಲು ಹೋಗಬೇಡಿ. ಗಾಳಿ ಸೇರಿದರೆ ಮರ ಹೊತ್ತಿಕೊಳ್ಳುತ್ತದೆ. ನಮ್ಮ ಕೈಯಲ್ಲಿರುವ ಕೆಲಸ ಇಷ್ಟು: ಕಡಿದ ಮರದ ತೊಗಟೆ ಸುಲಿಯಿರಿ. ಹಲಗೆ ಕೊಯ್ಸಿ, ನೆಲದಿಂದ ಎತ್ತರದಲ್ಲಿ, ನಡುನಡುವೆ ರೀಪು ಕೊಟ್ಟು, ನೆರಳಿನಲ್ಲಿ ಜೋಡಿಸಿ ಒಣಗಿಸಿರಿ. ಹಸಿಮರದಲ್ಲಿ ಬಾಗಿಲು ಮಾಡಿಸಬೇಡಿ.

ಮರ ಕೊಳ್ಳುವಾಗ ಕೇಳಿರಿ: ಎಷ್ಟು ಡಿಗ್ರಿಯಲ್ಲಿ, ಎಷ್ಟು ಹೊತ್ತು ಕಾಯಿಸಿದ್ದು? ಯಾವ ಕೆಲಸಕ್ಕೆ ಸಲ್ಲುತ್ತದೆ? ನೇರವಾದ ಉತ್ತರ ಬಾರದಿದ್ದರೆ ಹೆಚ್ಚಿನ ಬೆಲೆ ಕೊಡಬೇಡಿ.