ಕಾಲು ಮೈಲಿಯ ಓಟ, ಮನೆಯ ದಾರಿ

ಅಮೆರಿಕದಲ್ಲಿ ನೆಲೆಸಿರುವ ನನ್ನ ಸೋದರಳಿಯ ಒಮ್ಮೆ ಊರಿಗೆ ಬಂದಿದ್ದ. ಊಟ ಮುಗಿದು ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿನಲ್ಲಿ ಮೆಲ್ಲನೆ ಮಾತು ತೆಗೆದ. "ಮಾವ, ನೀವು ಮೂವತ್ತು ವರ್ಷ ಹುಡುಗರಿಗೆ ಮೋಟಾರು ಕೆಲಸ ಕಲಿಸಿದವರು. ನನಗೊಂದು ಗೇರ್‌ಬಾಕ್ಸ್ ಆರಿಸಿಕೊಡಿ" ಎಂದ. ಅವನ ಬಳಿ 1969ರ ಕೆಮರೋ ಕಾರೊಂದು ಇದೆ. ಅದನ್ನು ಓಟದ ಪಂದ್ಯಕ್ಕೂ ಒಯ್ಯುತ್ತಾನೆ, ಅದರಲ್ಲೇ ಮನೆಗೂ ಬರುತ್ತಾನೆ. ಎರಡು ವರ್ಷದ ಉಳಿತಾಯವನ್ನು ಸುರಿದು, ಬಲ್ಲವರೆನಿಸಿಕೊಂಡವರ ಮಾತು ಕೇಳಿ, ಸಿಕ್ಕುವುದರಲ್ಲೆಲ್ಲ ಗಟ್ಟಿಯಾದ ಪಂದ್ಯದ ಗೇರ್‌ಬಾಕ್ಸನ್ನು ಹಾಕಿಸಿದ್ದ. "ಮೈದಾನದಲ್ಲಿ ಅದು ಸಿಂಹ, ಮಾವ. ಆದರೆ ಮನೆಯ ದಾರಿಯಲ್ಲಿ ಅದರ ಅರಚಾಟ ತಡೆಯಲಾಗುವುದಿಲ್ಲ. ಇವಳು ಇನ್ನು ಅದರಲ್ಲಿ ಕೂರುವುದಿಲ್ಲ ಎಂದುಬಿಟ್ಟಿದ್ದಾಳೆ. ಆರು ತಿಂಗಳಿಂದ ಕಾರು ಷೆಡ್ಡಿನಲ್ಲಿ ನಿಂತಿದೆ."

ಅವನಿಗೆ ಹೇಳಿದ್ದನ್ನೇ ಇಂದು ನಿಮ್ಮ ಮುಂದೆಯೂ ಹೇಳಬೇಕೆಂದಿದ್ದೇನೆ. ಓಟದ ಕಾರು ನಮ್ಮಲ್ಲಿ ಎಷ್ಟು ಮಂದಿಗೆ ಇದ್ದೀತು ಎಂದು ನೀವು ಕೇಳಬಹುದು. ಆದರೆ ಯಾವ ಯಂತ್ರವನ್ನು ಕೊಳ್ಳುವಾಗಲೂ ನಾವು ಮಾಡುವ ಒಂದು ತಪ್ಪು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ಈ ಪಂದ್ಯದ ವಿಚಾರ. ಇದನ್ನು ಅಲ್ಲಿಯವರು ಡ್ರ್ಯಾಗ್ ರೇಸ್ ಎನ್ನುತ್ತಾರೆ. ಎರಡು ಕಾರುಗಳು ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ದೀಪ ಹಸಿರಾದೊಡನೆ ನೇರ ದಾರಿಯಲ್ಲಿ ಓಡುತ್ತವೆ. ತಿರುವಿಲ್ಲ, ಸುತ್ತಿಲ್ಲ. ಕಾಲು ಮೈಲಿ, ಎಂದರೆ 1320 ಅಡಿ, ಮುಗಿದರೆ ಪಂದ್ಯವೂ ಮುಗಿಯಿತು. ಎರಡನೆಯ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯಾದ ಯುವಕರು ಹಳೆಯ ಕಾರುಗಳಿಗೆ ಬಲವಾದ ಎಂಜಿನ್ನು ಕೂರಿಸಿ ಊರ ರಸ್ತೆಗಳಲ್ಲೇ ಪಂದ್ಯ ಕಟ್ಟುತ್ತಿದ್ದರು, ಪ್ರಾಣಗಳೂ ಹೋದವು. 1950ರಲ್ಲಿ ಸಾಂಟಾ ಆನಾ ಎಂಬಲ್ಲಿ ವಿಮಾನ ನಿಲ್ದಾಣದ ಓಟದಾರಿಯಲ್ಲಿ ಕ್ರಮವಾಗಿ ಪಂದ್ಯಗಳು ಆರಂಭವಾದವು. ಮರುವರ್ಷ, 1951ರಲ್ಲಿ, ವಾಲಿ ಪಾರ್ಕ್ಸ್ ಎಂಬವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಓಟವನ್ನು ಬೀದಿಯಿಂದ ಎತ್ತಿ, ನಿಯಮವಿರುವ ಮೈದಾನಕ್ಕೆ ಒಯ್ಯುವುದೇ ಅವರ ಮುಖ್ಯ ಉದ್ದೇಶ. ಆದ್ದರಿಂದ, ಬೀದಿಯಲ್ಲಿ ಓಡುವ ಓಟದ ಕಾರು ಎಂದರೆ ಬೀದಿಯಲ್ಲಿ ಪಂದ್ಯ ಕಟ್ಟುವ ಕಾರು ಎಂದು ದಯವಿಟ್ಟು ತಿಳಿಯಬೇಡಿ. ಪಂದ್ಯ ಮೈದಾನದಲ್ಲಿ, ಬೀದಿ ಹೋಗಿಬರುವುದಕ್ಕೆ.

ಈಗ ಗೇರ್‌ಬಾಕ್ಸ್. ಘಟ್ಟ ಹತ್ತುವ ಲಾರಿಯನ್ನು ನೀವೆಲ್ಲ ನೋಡಿದ್ದೀರಿ. ಡ್ರೈವರು ಮೊದಲನೆಯ ಗೇರಿಗೆ ಹಾಕಿದಾಗ ಎಂಜಿನ್ನು ಭೋರಿಡುತ್ತದೆ, ಲಾರಿ ಮಾತ್ರ ಆಮೆಯಂತೆ ಏರುತ್ತದೆ. ಎಂಜಿನ್ನು ಹೆಚ್ಚು ಸುತ್ತು ತಿರುಗಿ ಚಕ್ರ ಕಡಿಮೆ ಸುತ್ತು ತಿರುಗಿದಷ್ಟೂ ಚಕ್ರಕ್ಕೆ ಬಲ ಹೆಚ್ಚು. ನಿಂತ ಕಾರನ್ನು ಥಟ್ಟನೆ ಮುಂದಕ್ಕೆ ಚಿಮ್ಮಿಸಬೇಕಾದರೂ ಇದೇ ತತ್ವ. ಈ ಕೆಲಸ ಎರಡು ಕಡೆ ನಡೆಯುತ್ತದೆ: ಒಮ್ಮೆ ಗೇರ್‌ಬಾಕ್ಸಿನಲ್ಲಿ, ಇನ್ನೊಮ್ಮೆ ಹಿಂದಿನ ಆಕ್ಸಲಿನ ಕ್ರೌನ್ ಮತ್ತು ಪಿನಿಯನ್‌ನಲ್ಲಿ. ಎರಡನ್ನೂ ಗುಣಿಸಿ ನೋಡಬೇಕು. ಗೇರ್‌ಬಾಕ್ಸನ್ನು ಮಾತ್ರ ನೋಡಿ ಕೊಳ್ಳುವವನು ಅರ್ಧ ಲೆಕ್ಕ ಮಾಡಿದವನು.

ಒಂದು ಉದಾಹರಣೆ ಕೊಡುತ್ತೇನೆ. ಜನರಲ್ ಮೋಟಾರ್ಸ್‌ನವರು 1963ರಿಂದ ಬಳಸಿದ ಮನ್ಸಿ ಎಂಬ ನಾಲ್ಕು ಗೇರಿನ ಪೆಟ್ಟಿಗೆ ಬಹಳ ಹೆಸರಾದದ್ದು. ಅದರ ಒಂದು ಬಗೆಯಲ್ಲಿ ಮೊದಲ ಗೇರಿನ ಪ್ರಮಾಣ 2.20, ಇನ್ನೊಂದರಲ್ಲಿ 2.52. ಮೊದಲನೆಯದಕ್ಕೆ 3.31 ಪ್ರಮಾಣದ ಆಕ್ಸಲ್ ಜೋಡಿಸಿದರೆ ಗುಣಲಬ್ಧ ಏಳೂಕಾಲು. ಸುಮಾರು ಒಂದೂವರೆ ಟನ್ನಿನ ಕಾರಿಗೆ ಇದು ಸಾಲದು. ಕಾರನ್ನು ಹೊರಡಿಸಲು ಕ್ಲಚ್ಚನ್ನು ಉಜ್ಜಿ ಉಜ್ಜಿ ಸುಡಬೇಕಾಗುತ್ತದೆ. ಅದಕ್ಕೇ 4.56ರ ಆಕ್ಸಲ್ ಹಾಕಿದರೆ ಗುಣಲಬ್ಧ ಹತ್ತು. ಕಾರು ಬಾಣದಂತೆ ಹೊರಡುತ್ತದೆ. ಬೀದಿಯಲ್ಲೂ ಓಡುವ ಇಂಥ ಕಾರಿಗೆ ಈ ಗುಣಲಬ್ಧ ಹತ್ತರ ಆಸುಪಾಸಿನಲ್ಲಿರಲಿ ಎಂಬುದು ಅನುಭವಸ್ಥರ ಲೆಕ್ಕ. ಕಾರು ಭಾರವಾದರೆ ಸ್ವಲ್ಪ ಮೇಲೆ, ಹಗುರವಾದರೆ ಸ್ವಲ್ಪ ಕೆಳಗೆ.

ಹಾಗಾದರೆ 4.56 ಹಾಕಿಬಿಡೋಣ ಎನ್ನುತ್ತೀರಾ? ತಾಳಿ, ಮನೆಗೆ ಹಿಂದಿರುಗುವುದು ಇದೆ. ಟೈರಿನ ಎತ್ತರ 28 ಅಂಗುಲ ಎಂದಿಟ್ಟುಕೊಳ್ಳಿ. ನಾಲ್ಕನೆಯ ಗೇರಿನಲ್ಲಿ, ಎಂದರೆ ನೇರ ಗೇರಿನಲ್ಲಿ, ಗಂಟೆಗೆ 65 ಮೈಲಿ ಹೋಗುವಾಗ ಈ ಎಂಜಿನ್ನು ನಿಮಿಷಕ್ಕೆ ಸುಮಾರು 3550 ಸುತ್ತು ತಿರುಗುತ್ತಿರುತ್ತದೆ. ಪಂದ್ಯದ ಎಂಜಿನ್ನು, ಪಂದ್ಯದ ಹೊಗೆಕೊಳವೆ. ಆ ಸದ್ದಿನಲ್ಲಿ ಒಂದು ಗಂಟೆ ಕೂತವರಿಗೆ ತಲೆ ಎತ್ತಲಾಗುವುದಿಲ್ಲ. ಪೆಟ್ರೋಲಿನ ಖರ್ಚು ಬೇರೆ. ಹಿಂದಿನ ಕಾಲದವರು ಈ ಎರಡರಲ್ಲಿ ಒಂದನ್ನು ಬಿಟ್ಟುಕೊಡಲೇಬೇಕಾಗಿತ್ತು.

ಇದಕ್ಕೆ ಪರಿಹಾರವೇ ಓವರ್‌ಡ್ರೈವ್. ನೇರ ಗೇರಿನ ಮೇಲೆ ಇನ್ನೊಂದು ಗೇರ್. ಅದರಲ್ಲಿ ಎಂಜಿನ್ನಿಗಿಂತ ಹೊರಬರುವ ದಂಡವೇ ವೇಗವಾಗಿ ತಿರುಗುತ್ತದೆ. ಈಗ ದೊರೆಯುವ ಟ್ರೆಮೆಕ್ ಟಿಕೆಎಕ್ಸ್ ಎಂಬ ಐದು ಗೇರಿನ ಪೆಟ್ಟಿಗೆಯ ಒಂದು ಬಗೆಯಲ್ಲಿ ಮೊದಲ ಗೇರ್ 2.87, ಐದನೆಯದು 0.68. ಇದಕ್ಕೆ 3.73ರ ಆಕ್ಸಲ್ ಸೇರಿಸಿ. ಹೊರಡುವಾಗಿನ ಗುಣಲಬ್ಧ 10.7, ಮನೆಯ ದಾರಿಯಲ್ಲಿ 65 ಮೈಲಿ ವೇಗಕ್ಕೆ ಎಂಜಿನ್ನು ಸುಮಾರು 2000 ಸುತ್ತು. ಪಕ್ಕದಲ್ಲಿ ಕೂತವರೊಡನೆ ಮಾತನಾಡುತ್ತ ಬರಬಹುದು. ಆರು ಗೇರಿನ ಟಿ-56 ಎಂಬುದೂ ಇದೆ. 1992ರಲ್ಲಿ ಡಾಡ್ಜ್ ವೈಪರ್ ಕಾರಿನೊಡನೆ ಬಂದದ್ದು. ಅದು ಗಟ್ಟಿ, ಆದರೆ ದೊಡ್ಡದು, ಭಾರವಾದದ್ದು. ಹಳೆಯ ಕಾರಿಗೆ ಹಾಕಬೇಕಾದರೆ ನೆಲದ ತಗಡನ್ನು ಕೊಯ್ಯಬೇಕಾಗಿ ಬರುತ್ತದೆ.

ಲಾಭವಿದ್ದಲ್ಲಿ ನಷ್ಟವೂ ಉಂಟು. ಮೊದಲ ಗೇರ್ ಬಲವಾದಷ್ಟೂ ಎರಡನೆಯದು ದೂರವಾಗುತ್ತದೆ. 6500 ಸುತ್ತಿನಲ್ಲಿ ಗೇರ್ ಬದಲಿಸಿದರೆ 2.20ರ ಮನ್ಸಿಯಲ್ಲಿ ಎಂಜಿನ್ನು 4850ಕ್ಕೆ ಇಳಿಯುತ್ತದೆ. ಟಿಕೆಎಕ್ಸ್‌ನಲ್ಲಿ 4300ರವರೆಗೂ ಇಳಿಯುತ್ತದೆ. ಕೆಳಗಿನ ಸುತ್ತಿನಲ್ಲೂ ಬಲವಿರುವ ದೊಡ್ಡ ಎಂಜಿನ್ನಿಗೆ ಇದು ಲೆಕ್ಕಕ್ಕಿಲ್ಲ. ಮೇಲಿನ ಸುತ್ತಿನಲ್ಲಿ ಮಾತ್ರ ಬಲ ಕೊಡುವ ಚಿಕ್ಕ ಎಂಜಿನ್ನು ಇಲ್ಲಿ ಮುಗ್ಗರಿಸುತ್ತದೆ. ಆದ್ದರಿಂದ ಎಂಜಿನ್ನಿನ ಸ್ವಭಾವ ತಿಳಿಯದೆ ಗೇರ್‌ಬಾಕ್ಸ್ ಆರಿಸಬಾರದು.

ಇನ್ನು ಗಟ್ಟಿತನ. ನನ್ನ ಅಳಿಯ ಎಡವಿದ್ದೇ ಇಲ್ಲಿ. ಗೇರಿನ ಹಲ್ಲುಗಳನ್ನು ಓರೆಯಾಗಿ ಕಡೆದರೆ ಅವು ಸದ್ದಿಲ್ಲದೆ ಕೂಡಿಕೊಳ್ಳುತ್ತವೆ. ಆದರೆ ಬಲ ಬಿದ್ದಾಗ ಒಂದನ್ನೊಂದು ಪಕ್ಕಕ್ಕೆ ತಳ್ಳುತ್ತವೆ. ನೇರವಾಗಿ ಕಡೆದರೆ ಆ ತಳ್ಳಾಟವಿಲ್ಲ, ಆದರೆ ಅರಚುತ್ತವೆ. ಮನ್ಸಿಯ ಎಂ-22 ಎಂಬ ಬಗೆಯಲ್ಲಿ ಓರೆಯನ್ನು ಸ್ವಲ್ಪ ಕಡಿಮೆ ಮಾಡಿದ್ದರು, ಅಷ್ಟೆ. ಅದರ ಸದ್ದಿಗೇ ಜನ ಅದನ್ನು ಕಲ್ಲು ಪುಡಿಮಾಡುವ ಯಂತ್ರ ಎಂದು ಕರೆದರು. ಪೂರ್ತಿ ನೇರ ಹಲ್ಲಿನ ಪಂದ್ಯದ ಪೆಟ್ಟಿಗೆಯ ಸದ್ದನ್ನು ನೀವೇ ಊಹಿಸಿಕೊಳ್ಳಿ.

ಇದಲ್ಲದೆ, ಸಾಧಾರಣ ಗೇರ್‌ಬಾಕ್ಸಿನಲ್ಲಿ ಸಿಂಕ್ರೊನೈಜರ್ ಎಂಬ ಉಂಗುರಗಳಿವೆ. ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವ ಭಾಗಗಳನ್ನು ಉಜ್ಜಿ, ಸಮವೇಗಕ್ಕೆ ತಂದು, ಆಮೇಲೆ ಕೂಡಿಸುವ ಮಧ್ಯಸ್ಥರು ಅವು. ಈ ಮಧ್ಯಸ್ಥಿಕೆಗೆ ಕ್ಷಣಕಾಲ ಬೇಕು. ಪಂದ್ಯದ ಪೆಟ್ಟಿಗೆಯಲ್ಲಿ ಆ ಕ್ಷಣವನ್ನೂ ಉಳಿಸಲೆಂದು ಮಧ್ಯಸ್ಥರನ್ನೇ ತೆಗೆದುಹಾಕಿ, ದಪ್ಪ ಹಲ್ಲುಗಳು ನೇರವಾಗಿ ಕಚ್ಚಿಕೊಳ್ಳುವಂತೆ ಮಾಡಿರುತ್ತಾರೆ. ಹೊಡೆದಂತೆ ಗೇರ್ ಬದಲಿಸಿದರೆ ಅದು ಚೆನ್ನ. ಊರೊಳಗೆ, ದೀಪಕಂಬದಿಂದ ದೀಪಕಂಬಕ್ಕೆ ಮೆಲ್ಲಗೆ ಬದಲಿಸುತ್ತ ಬಂದರೆ ಆ ಹಲ್ಲುಗಳ ಮೂಲೆ ಸವೆದು ದುಂಡಗಾಗುತ್ತದೆ. ಮೈದಾನದಲ್ಲಿ ಸಿಂಹವಾದದ್ದು ಬೀದಿಯಲ್ಲಿ ಬೇಗ ಮುದಿಯಾಗುತ್ತದೆ. ರಾನಿ ಸಾಕ್ಸ್ ಎಂಬ ಓಟಗಾರ 1960ರ ದಶಕದಲ್ಲಿ ನಾಲ್ಕು ಗೇರನ್ನು ಕೈಯಲ್ಲಿ ಬದಲಿಸುವ ಚಳಕದಿಂದಲೇ ಹೆಸರು ಮಾಡಿದ. ಕೈ ಪಳಗಿದ್ದರೆ ಪೆಟ್ಟಿಗೆಯ ಬಡತನ ಎಷ್ಟೋ ಮರೆಯಾಗುತ್ತದೆ.

ಮಾರುವವರು ಪೆಟ್ಟಿಗೆಯ ಮೇಲೆ ಒಂದು ಸಂಖ್ಯೆ ಬರೆದಿರುತ್ತಾರೆ. ಟಿಕೆಎಕ್ಸ್‌ಗೆ ಅದು 600 ಪೌಂಡ್-ಅಡಿ ತಿರುಚುಬಲ. ಆದರೆ ಗೇರ್ ಮುರಿಯುವುದು ಸಾಮಾನ್ಯವಾಗಿ ಎಂಜಿನ್ನಿನ ಬಲದಿಂದಲ್ಲ, ಏಟಿನಿಂದ. ಸಾಧಾರಣ ಟೈರು ನೆಲದ ಮೇಲೆ ಜಾರುತ್ತದೆ. ಜಾರಿದಾಗ ಏಟು ಕರಗುತ್ತದೆ. ಮನೆಯ ವಿದ್ಯುತ್ತಿಗೆ ಫ್ಯೂಸ್ ಇದ್ದಂತೆ ಅದು. ಅಂಟಿಕೊಳ್ಳುವ ಪಂದ್ಯದ ಟೈರು ಹಾಕಿ, ಎಂಜಿನ್ನನ್ನು 5000 ಸುತ್ತಿಗೆ ಏರಿಸಿ, ಒಮ್ಮೆಗೇ ಕ್ಲಚ್ ಬಿಟ್ಟರೆ ಆ ಏಟು ಪೂರ್ತಿಯಾಗಿ ಹಲ್ಲುಗಳ ಮೇಲೆ ಬೀಳುತ್ತದೆ. ಆದ್ದರಿಂದ ಇನ್ನೂ ದೊಡ್ಡ ಪೆಟ್ಟಿಗೆ ಕೊಳ್ಳುವ ಮೊದಲು, ಅಳತೆಯಾಗಿ ಜಾರುವಂತೆ ಹೊಂದಿಸಬಹುದಾದ ಕ್ಲಚ್ಚಿಗೆ ಹಣ ಹಾಕುವುದು ಲೇಸು.

ಇನ್ನೆರಡು ಮಾತು, ಅವುಗಳನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ. ಗೇರ್‌ಬಾಕ್ಸನ್ನು ಎಂಜಿನ್ನಿಗೆ ಕೂಡಿಸುವ ಬೆಲ್ ಹೌಸಿಂಗ್ ನಡುವಿಗೆ ಸರಿಯಾಗಿ ಕೂತಿದೆಯೇ ಎಂದು ಡಯಲ್ ಗೇಜಿನಿಂದ ಅಳೆಯಬೇಕು. ಅಂಗುಲದ ಸಾವಿರದಲ್ಲಿ ಐದು ಪಾಲಿಗಿಂತ ಹೆಚ್ಚು ಓರೆಯಿರಬಾರದು. ಹೊಸ ಪೆಟ್ಟಿಗೆ ಕೆಟ್ಟಿತೆಂದು ದೂರುವವರಲ್ಲಿ ಎಷ್ಟೋ ಮಂದಿ ಇದನ್ನು ಅಳೆದೇ ಇರುವುದಿಲ್ಲ. ಎರಡನೆಯದು, ಆ ಬೆಲ್ ಹೌಸಿಂಗ್ ಉಕ್ಕಿನದಾಗಿರಲಿ. ಪಂದ್ಯದ ನಿಯಮಕ್ಕೆ ಒಪ್ಪುವ, ಪರೀಕ್ಷೆಯಾದ ರಕ್ಷಾಕವಚವಾಗಿರಲಿ. ಭಾರಿ ವೇಗದಲ್ಲಿ ಫ್ಲೈವೀಲೋ ಕ್ಲಚ್ಚೋ ಸಿಡಿದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ಆ ಜಾಗಕ್ಕೆ ತೀರ ಹತ್ತಿರದಲ್ಲಿರುವುದು ಓಡಿಸುವವನ ಕಾಲು. ಹಣ ಸಾಲದಿದ್ದರೆ ಗೇರ್‌ಬಾಕ್ಸಿನಲ್ಲಿ ಉಳಿಸಿ, ಇದರಲ್ಲಿ ಉಳಿಸಬೇಡಿ.

ನನ್ನ ಅಳಿಯನನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ. "ವರ್ಷಕ್ಕೆ ಎಷ್ಟು ಸಲ ಮೈದಾನಕ್ಕೆ ಹೋಗುತ್ತೀಯಪ್ಪ?" ಬೆರಳೆಣಿಸಿ, "ಆರೇಳು ಸಲ, ಮಾವ" ಎಂದ. "ಒಂದು ಓಟಕ್ಕೆ ಎಷ್ಟು ಹೊತ್ತು?" "ಹನ್ನೆರಡು ಸೆಕೆಂಡು." "ಮನೆಗೆ ಬರಲು?" "ಒಂದು ಗಂಟೆಯ ಮೇಲೆ." ಅವನೇ ನಕ್ಕುಬಿಟ್ಟ. ಆಮೇಲೆ ನಾವಿಬ್ಬರೂ ಕಾಗದ ಪೆನ್ಸಿಲು ಹಿಡಿದು ಕೂತು ಈ ಲೆಕ್ಕವನ್ನೆಲ್ಲ ಮಾಡಿದೆವು. ಹಳೆಯದನ್ನು ಮಾರಿ, ಐದು ಗೇರಿನ ಪೆಟ್ಟಿಗೆ ಹಾಕಿಸಿಕೊಂಡ. ಮೈದಾನದಲ್ಲಿ ಮೊದಲಿಗಿಂತ ಅರೆಕ್ಷಣ ಹಿಂದೆ ಬಿದ್ದನಂತೆ. ಆದರೆ ಮೊನ್ನೆ ಬಂದ ಕಾಗದದಲ್ಲಿ, ಹಿಂದಿರುಗುವ ದಾರಿಯಲ್ಲಿ ಹೆಂಡತಿ ಪಕ್ಕದ ಸೀಟಿನಲ್ಲೇ ನಿದ್ದೆಹೋದಳೆಂದು ಬರೆದಿದ್ದಾನೆ.

ನಾವು ಯಂತ್ರಗಳನ್ನು ಆರಿಸುವುದು ಸಾಮಾನ್ಯವಾಗಿ ಅವುಗಳ ಶ್ರೇಷ್ಠ ಕ್ಷಣವನ್ನು ನೆನೆದು. ಅವುಗಳೊಡನೆ ಬದುಕುವುದು ಉಳಿದ ಗಂಟೆಗಳಲ್ಲಿ. ಆ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿದು ಆರಿಸಿದರೆ, ಕಾರಾಗಲಿ ಮತ್ತೊಂದಾಗಲಿ, ಕೊಂಡವನನ್ನು ಕೈಬಿಡುವುದಿಲ್ಲ.